ಕುಂಕುಮ ಹಚ್ಚಿದ ಅರ್ಧ ಪುಸ್ತಕ

ಆ ಪುಸ್ತಕವನ್ನು ತಪ್ಪು ಡಬ್ಬಿಗೆ ಹಾಕಿದವಳು ನಾನು. ಶಾರದಾ ಮೇಡಂ ಅಲ್ಲ, ಕಂಪ್ಯೂಟರ್ ಅಲ್ಲ, ಟೈಪ್ ಮಾಡಿದ ನೀತಾಳೂ ಅಲ್ಲ. ಕಚೇರಿಯ ಫೈಲಿನಲ್ಲಿ ಮೇಡಂ ಹೆಸರಿದೆ. ಅದು ಸುಳ್ಳು.

ಈಗ ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರು, "ಹಿಂದೆ ಒಬ್ಬ ಮೇಡಂ ಪುಸ್ತಕ ಓದದೇ ಸಹಿ ಹಾಕಿ ಸಿಕ್ಕಿಬಿದ್ದಿದ್ದರಂತೆ" ಎಂದು ಮಾತಾಡಿಕೊಳ್ಳುತ್ತಾರಂತೆ. ನೀತಾ ಫೋನ್ ಮಾಡಿ ಹೇಳಿದಳು. ಆ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ನನ್ನದು, ಕಾಗುಣಿತ ತಿದ್ದಿದ್ದು ನೀತಾ. ಅವಳಿಗೂ ಕನ್ನಡ ಅಷ್ಟಕ್ಕಷ್ಟೇ. ಉಳಿದ ತಪ್ಪುಗಳಿಗೆ ಇಬ್ಬರೂ ಹೊಣೆ.

ಮುಂಬೈಯ ಫೋರ್ಟ್‌ನಲ್ಲಿ ಒಂದು ಹಳೆಯ ಬಿಲ್ಡಿಂಗ್. ಕೆಳಗೆ ಉಡುಪಿ ಹೋಟೆಲ್, ಎರಡನೇ ಮಾಳಿಗೆಯಲ್ಲಿ ನಮ್ಮ ಗ್ರಂಥಾಲಯ. ಮುಂಬೈಯ ಕನ್ನಡದವರ ಮನೆಗಳಲ್ಲಿ ಇರುವ ಹಳೆಯ ಧಾರ್ಮಿಕ ಪುಸ್ತಕಗಳನ್ನು ತಂದು, ಹಾಳೆ ಹಾಳೆ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ಓದುವ ಹಾಗೆ ಮಾಡುವುದು ಅಲ್ಲಿಯ ಕೆಲಸ. ಸಾಲುಮನೆಗಳ ಹಳೆಯ ಚಾಳುಗಳು ಕೆಡವಿ ಕಟ್ಟುವ ರೀಡೆವಲಪ್‌ಮೆಂಟ್‌ಗೆ ಹೋಗುವಾಗ ಜನ ಫ್ರಿಜ್ಜು, ಕಾಟು, ಕುಕ್ಕರು ಎಲ್ಲವನ್ನೂ ಒಯ್ಯುತ್ತಾರೆ. ಅಜ್ಜನ ಪುಸ್ತಕಗಳನ್ನು ಚೀಲಕ್ಕೆ ತುಂಬಿ ನಮಗೆ ಕಳಿಸುತ್ತಾರೆ. ಹಾಗೆ ಬಂದ ಚೀಲಗಳಿಂದಲೇ ನಮ್ಮ ಕಪಾಟುಗಳು ತುಂಬಿದವು.

ನಾನು ಅಲ್ಲಿಗೆ ಸೇರಿದ್ದು ಧೂಳು ಹೊಡೆಯಲು. ವಿಜಾಪುರದ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಬೆನ್ನು ಕೈಕೊಟ್ಟ ಮೇಲೆ ಇಟ್ಟಿಗೆ ಬಿಟ್ಟು ಪೊರಕೆ ಹಿಡಿದೆ. ಜೋಗೇಶ್ವರಿಯಿಂದ ಚರ್ಚ್‌ಗೇಟ್‌ಗೆ ಲೋಕಲ್ ರೈಲು, ಅಲ್ಲಿಂದ ನಡಿಗೆ. ಮೊದಲ ದಿನವೇ ಒಂದು ದೊಡ್ಡ ತಪ್ಪು ಮಾಡಿದೆ. ಪುಸ್ತಕ ಸ್ವಚ್ಛ ಮಾಡು ಎಂದರು, ಮಾಡಿದೆ. ಒಂದೊಂದನ್ನೂ ತಲೆಕೆಳಗೆ ಹಿಡಿದು ಜಾಡಿಸಿದೆ. ಒಣಗಿದ ಹೂವು, ಬಿಲ್ವಪತ್ರೆ, ವಿಭೂತಿ ಪುಡಿ, ಬಸ್ಸಿನ ಟಿಕೇಟು, ಯಾರದೋ ಜಾತಕದ ಚೂರು, ಎಲ್ಲ ಬಿದ್ದವು. ಗುಡಿಸಿ ಮೊರಕ್ಕೆ ತುಂಬಿದೆ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮೇಡಂ ಹೊಗಳುತ್ತಾರೆ ಎಂದುಕೊಂಡಿದ್ದೆ.

ಶಾರದಾ ಮೇಡಂ ಮೈಸೂರಿನ ಕಡೆಯವರು. ಗ್ರಂಥಾಲಯದ ಮುಖ್ಯಸ್ಥೆ. ತೆಳ್ಳಗಿನ ಹೆಂಗಸು, ಹತ್ತಿ ಸೀರೆ, ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮೊರ ನೋಡಿ ಅವರು ಕೂಗಾಡಲಿಲ್ಲ. ನೆಲದ ಮೇಲೆ ಕುಳಿತರು.

"ಶಾಂತಮ್ಮ, ಈ ಹೂವು ಯಾವ ಪುಸ್ತಕದ್ದು?"

"ಯಾರಿಗ್ ಗೊತ್ರಿ. ಕಸ ಅಲ್ರಿ ಅದು?"

"ಈಗ ಕಸ. ಹತ್ತು ನಿಮಿಷದ ಹಿಂದೆ ಅದು ಆ ಪುಸ್ತಕ ಏನು ಅಂತ ಹೇಳ್ತಿತ್ತು."

ನನಗೆ ಸಿಟ್ಟು ಬಂತು. ಕಸ ತೆಗೆದರೂ ಬೈಗುಳ ಎಂದುಕೊಂಡೆ. ಆದರೆ ಆ ಹೆಂಗಸು ಸಂಜೆಯವರೆಗೆ ನನ್ನ ಎದುರಿಗೇ ಕುಳಿತು, ಮೊರದಲ್ಲಿದ್ದ ಒಂದೊಂದು ಎಲೆಯನ್ನು ಎತ್ತಿ, ಪುಸ್ತಕಗಳ ಹಾಳೆಯ ಮೇಲಿನ ಗುರುತಿಗೆ ಹೊಂದಿಸಿ ನೋಡಿದರು. ಹೂವು ವರ್ಷಗಟ್ಟಲೆ ಒಂದೇ ಪುಟದಲ್ಲಿ ಇದ್ದರೆ ಅದರ ಆಕಾರ ಹಾಳೆಗೆ ಇಳಿಯುತ್ತದೆ. ಅರ್ಧದಷ್ಟನ್ನು ಅವರು ಅದರದರ ಪುಟಕ್ಕೆ ಮುಟ್ಟಿಸಿದರು. ಉಳಿದದ್ದು ನನ್ನ ಲೆಕ್ಕಕ್ಕೆ. ಮಾರನೇ ದಿನದಿಂದ ಪ್ರತಿ ಪುಸ್ತಕಕ್ಕೂ ಒಂದು ಲಕೋಟೆ. ಏನು ಬಿದ್ದರೂ ಅದರೊಳಗೆ.

ಮೇಡಂ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಅವರು ದೇವತೆಯೇನಲ್ಲ. ಇರುವೆ ಬರುತ್ತದೆ ಎಂದು ಆ ಕೋಣೆಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಯಲು ಬಿಡುತ್ತಿರಲಿಲ್ಲ. ಕೈ ತೊಳೆದು ಒರೆಸಿಕೊಳ್ಳದೆ ಪುಸ್ತಕ ಮುಟ್ಟಿದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಒಂದು ಪುಟ ಮಸುಕಾಗಿದ್ದರೆ ಇಡೀ ಪುಸ್ತಕದ ಫೋಟೋ ಮತ್ತೆ ತೆಗೆಸುತ್ತಿದ್ದರು. ಆದರೆ ಗುಡಿಸುವವಳಿಗೆ ಕುರ್ಚಿ ಕೊಟ್ಟ ಆಫೀಸು ನಾನು ಮುಂಬೈಯಲ್ಲಿ ಬೇರೆ ನೋಡಿಲ್ಲ. ಅದೂ ಬೆನ್ನಿಗೆ ದಿಂಬು ಇಟ್ಟ ಕುರ್ಚಿ. ದಿಂಬು ಅವರದೇ ಮನೆಯದು.

ವಿಂಗಡಣೆಯ ಕೆಲಸ ನನಗೆ ಬಂದದ್ದು ಹೀಗೆ. ಧೂಳು ಹೊಡೆದ ಪುಸ್ತಕಗಳನ್ನು ನಾನು ನನ್ನ ಅನುಕೂಲಕ್ಕೆ ಗುಂಪು ಮಾಡಿ ಇಡುತ್ತಿದ್ದೆ. ಒಂದು ದಿನ ಮೇಡಂ ಆ ಗುಂಪುಗಳ ಮುಂದೆ ಬಹಳ ಹೊತ್ತು ನಿಂತರು.

"ಇದನ್ನ ಹೀಗೆ ಜೋಡಿಸಿದ್ದು ಯಾರು?"

"ನಾನೇ ರೀ. ತಪ್ಪಾತೇನ್ರಿ?"

"ಯಾವ ಲೆಕ್ಕದಲ್ಲಿ ಜೋಡಿಸಿದ್ರಿ?"

"ಕಲಿ ನೋಡಿ ರೀ. ಯಾವ ಪುಸ್ತಕಕ್ಕ ಏನ್ ಕಲಿ ಬಿದ್ದೈತಿ, ಅದರ ಮ್ಯಾಲ."

ಕಲೆ ನೋಡುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮನೆಯಲ್ಲಿ ಪುಸ್ತಕ ಹೇಗೆ ಬಳಕೆಯಾಗುತ್ತದೆ ಎಂದು ಕಂಡವರಿಗೆ ಗೊತ್ತಾಗುತ್ತದೆ. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಕುಂಕುಮ, ನಡುವೆ ಅಕ್ಷತೆಯ ಕಾಳು ಇದ್ದರೆ ಅದು ವ್ರತದ ಕತೆ. ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ. ಬಲಗಡೆಯ ಕೆಳಮೂಲೆ ಜಿಡ್ಡುಗಟ್ಟಿ, ಎಲ್ಲ ಪುಟದ ಮೇಲೂ ಎಣ್ಣೆಯ ಹನಿ ಇದ್ದರೆ ಪುರಾಣ. ಶ್ರಾವಣದಲ್ಲಿ ಒಬ್ಬರು ದೀಪದ ಮುಂದೆ ಕುಳಿತು ಓದಿ ಉಳಿದವರು ಕೇಳಿದ್ದು. ಬೆನ್ನು ಮುರಿದು ಒಂದೇ ಕಡೆ ತೆರೆದುಕೊಂಡರೆ, ಎಲೆ ಅಡಿಕೆಯ ಕಲೆಯಿದ್ದರೆ, ಭಜನೆಯವರ ಹಾಡಿನ ಪುಸ್ತಕ. ಅಂಚಿನಲ್ಲಿ ಪೆನ್ಸಿಲ್ ಗೀಟು, ಉಳಿದಂತೆ ಸ್ವಚ್ಛ ಇದ್ದರೆ ಟೀಕೆ, ಅಂದರೆ ಶಾಸ್ತ್ರದ ಅರ್ಥ ಬಿಡಿಸಿದ ಪುಸ್ತಕ; ಓದಿದ ಮನುಷ್ಯ ಒಬ್ಬನೇ, ಅವನೂ ಮೇಜಿನ ಮುಂದೆ ಕುಳಿತು ಓದಿದವನು. ಹಳೆಯ ಪ್ರೆಸ್ಸಿನ ಪುಸ್ತಕಗಳಲ್ಲಿ ಹಾಳೆಗಳ ಅಂಚು ಒಂದಕ್ಕೊಂದು ಕೂಡಿಕೊಂಡೇ ಬರುತ್ತಿತ್ತು, ಕೊಂಡವರೇ ಸೀಳಿಕೊಳ್ಳಬೇಕು. ಸೀಳದೇ ಉಳಿದ ಪುಸ್ತಕ ಎಂದರೆ ಹೆಚ್ಚಾಗಿ ವಾದದ ಪುಸ್ತಕ. ನಮ್ಮ ಮತ ಸರಿ, ನಿಮ್ಮದು ತಪ್ಪು ಎಂದು ಬರೆದದ್ದು. ಗೌರವಕ್ಕೆ ಕೊಳ್ಳುತ್ತಿದ್ದರು, ಓದುತ್ತಿರಲಿಲ್ಲ.

ಮೇಡಂ ನನ್ನ ಗುಂಪುಗಳನ್ನು ಒಂದೊಂದಾಗಿ ತೆರೆದು ಓದಿ ನೋಡಿದರು. ನಾಲ್ಕೈದು ಬಿಟ್ಟು ಎಲ್ಲ ಸರಿಯಾಗಿತ್ತು. "ಕಾಲೇಜಲ್ಲಿ ಇದನ್ನ ನಮಗೆ ಯಾರೂ ಹೇಳಿಕೊಡಲಿಲ್ಲ" ಎಂದರು. ಅಂದಿನಿಂದ ಚೀಲ ಬಿಚ್ಚಿದ ಮೇಲೆ ಮೊದಲು ನೋಡುವುದು ನಾನು. ಯಾವ ಪ್ರಕಾರ ಎಂದು ಚೀಟಿ ಇಡುತ್ತಿದ್ದೆ. ಅವರು ಓದಿ ಸಹಿ ಹಾಕುತ್ತಿದ್ದರು. ನೀತಾ ಕಂಪ್ಯೂಟರಿಗೆ ತುಂಬುತ್ತಿದ್ದಳು. ಗ್ರಂಥಾಲಯ ನಡೆಸುವ ಟ್ರಸ್ಟಿನ ನಿಯಮದಂತೆ ಪ್ರಕಾರ ಹೇಳುವವರು ಡಿಗ್ರಿ ಮಾಡಿರಬೇಕು. ಹಾಗಾಗಿ ರಿಜಿಸ್ಟರಿನ 'ವಿಂಗಡಿಸಿದವರು' ಎಂಬ ಕಾಲಮಿನಲ್ಲಿ ಎಲ್ಲ ಕಡೆಗೂ ಮೇಡಂ ಸಹಿಯೇ. ನನಗೆ ಅದರಿಂದ ತೊಂದರೆ ಇರಲಿಲ್ಲ. ನನ್ನ ಹೆಸರು ಪೊರಕೆ, ಫಿನೈಲ್ ಬರೆಯುವ ಪುಸ್ತಕದಲ್ಲಿ ಇತ್ತು.

ಮೊದಲು ಚೀಟಿ, ಆಮೇಲೆ ಕಾರ್ಡು, ಆಮೇಲೆ ಕಂಪ್ಯೂಟರಿನಲ್ಲಿ ಡಬ್ಬಿಗಳು. ಪುರಾಣ ಒಂದು ಡಬ್ಬಿ, ಸ್ತೋತ್ರ ಒಂದು, ವಾದ ಒಂದು, ಉಪದೇಶ ಒಂದು. ಕೊನೆಕೊನೆಗೆ ಕಂಪ್ಯೂಟರೇ ಹಾಳೆ ಓದಿ ಯಾವ ಡಬ್ಬಿ ಎಂದು ಹೇಳತೊಡಗಿತು. ಹತ್ತಕ್ಕೆ ಏಳೆಂಟು ಸರಿ ಹೇಳುತ್ತಿತ್ತು. ನಾನು ಅದನ್ನು ಬೈಯುವವಳಲ್ಲ. ಬೆನ್ನುನೋವಿಲ್ಲ, ರಜೆಯಿಲ್ಲ. ಕಲೆ ಮಾತ್ರ ಅದಕ್ಕೆ ಕಾಣುವುದಿಲ್ಲ. ಫೋಟೋದಲ್ಲಿ ಕುಂಕುಮ ಬಿದ್ದರೆ ಅಕ್ಷರ ಎಂದುಕೊಂಡು ಏನೇನೋ ಓದುತ್ತಿತ್ತು.

ಇನ್ನೊಂದು ನಿಯಮ ಹೇಳಬೇಕು, ಮುಂದಿನ ಕತೆಗೆ ಅದು ಬೇಕು. ನಮ್ಮವರು ದೇವರ ಹೆಸರಿರುವ ಕಾಗದವನ್ನು ಕಸಕ್ಕೆ ಹಾಕುವುದಿಲ್ಲ, ನೀರಿಗೆ ಬಿಡುತ್ತಾರೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಸಮುದ್ರಕ್ಕೆ ಯಾರು ಹೋಗುತ್ತಾರೆ? ಹರಿದ ಹಾಳೆಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ, "ಇದನ್ನು ನೀವೇ ಬಿಟ್ಟುಬಿಡಿ" ಎಂದು ಪುಸ್ತಕದ ಚೀಲದೊಳಗೇ ಇಡುತ್ತಿದ್ದರು. ಮೇಡಂ ಹೇಳಿದ್ದು ಒಂದೇ ಮಾತು: ನೋಡದೆ ಯಾವುದನ್ನೂ ನೀರಿಗೆ ಬಿಡಬಾರದು. ಆದರೆ ನೋಡಲು ಪುರಸೊತ್ತು ಎಲ್ಲಿ? ಗಂಟುಗಳನ್ನು ಬಚ್ಚಲಿನ ಮೇಲಿನ ಅಟ್ಟಕ್ಕೆ ಒಗೆಯುತ್ತಿದ್ದೆ. ಅಲ್ಲಿ ಅವು ಬಿದ್ದಿರುತ್ತಿದ್ದವು.

ಇನ್ನು ಆ ಪುಸ್ತಕ.

ಪರೇಲ್ ಕಡೆಯ ಒಂದು ಚಾಳಿನಿಂದ ಚೀಲ ಬಂತು. ಅದರಲ್ಲಿ ರಟ್ಟಿಲ್ಲದ ಒಂದು ಪುಸ್ತಕ. ಮೊದಲ ಹಾಳೆಯಲ್ಲಿ ಬರೆದವರ ಹೆಸರಿತ್ತು. ಧಾರವಾಡದ ಕಡೆಯ ಒಬ್ಬ ಶಾಸ್ತ್ರಿಗಳು. ಒಳಗೆ, ಗುಡಿ ಬೇಡ, ಮೂರ್ತಿ ಬೇಡ, ಹೂವು ಹಣ್ಣು ಧೂಪ ದೀಪ ಯಾವುದೂ ಬೇಡ, ಮನಸ್ಸಿನೊಳಗೆ ನೆನೆದರೆ ಸಾಕು ಎಂದು ಬಹಳ ಚೆಂದಾಗಿ ಬರೆದಿತ್ತು. ನನ್ನಂಥವಳಿಗೂ ತಿಳಿಯುವಷ್ಟು ಸಲೀಸು. ಪ್ರತಿ ಪುಟದ ಮೂಲೆ ಬೆರಳಾಡಿ ಕಪ್ಪಾಗಿತ್ತು. ಮೊದಲ ಪುಟಕ್ಕೆ ಕುಂಕುಮ, ಅರಿಶಿನ, ಗಂಧ. ಯಾರೋ ದಿನಾಲೂ ಓದಿದ್ದಾರೆ. ದಿನಾಲೂ ಓದುವುದು, ಹಾಡಲ್ಲ, ಕತೆಯಲ್ಲ. ಉಪದೇಶ ಎಂದು ಚೀಟಿ ಇಟ್ಟೆ.

"ಮೌಶಿ, ಕಂಪ್ಯೂಟರ್ ಭೀ ಸೇಮ್ ಹೇಳ್ತಾ ಇದೆ, ಉಪದೇಶ್" ಎಂದಳು ನೀತಾ. ಮರಾಠಿಯವರ ಹಾಗೆ ನನ್ನನ್ನು ಮೌಶಿ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

"ಅದಕ್ಕೂ ಬುದ್ಧಿ ಬಂತು ಬಿಡು" ಎಂದೆ.

ಅದು ತಿಂಗಳ ಕೊನೆ. ಟ್ರಸ್ಟಿಗೆ ಕೆಲಸದ ವರದಿ ಕೊಡಬೇಕು. ಮೇಡಂ ಕೈಯಲ್ಲಿ ಪೆನ್ನು ಹಿಡಿದು ಕೇಳಿದರು, "ಖಾತ್ರಿನಾ ಶಾಂತಮ್ಮ?"

"ಖಾತ್ರಿ ರೀ."

ಸಹಿ ಹಾಕಿದರು. ಅಷ್ಟು ವರ್ಷಗಳಲ್ಲಿ ಓದದೇ ಹಾಕಿದ ಒಂದೇ ಸಹಿ. ನನ್ನ ಮಾತಿನ ಮೇಲೆ ಹಾಕಿದ್ದು.

ಪೂಜೆ ಬೇಡ ಎನ್ನುವ ಪುಸ್ತಕಕ್ಕೆ ಕುಂಕುಮ ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡು ಮೂರು ತಿಂಗಳು ಕಳೆದಿರಬೇಕು. ಒಂದು ಸೋಮವಾರ ಅಂಧೇರಿಯಿಂದ ಒಬ್ಬ ಅಜ್ಜ ಬಂದರು. ಎರಡು ಮಾಳಿಗೆ ಹತ್ತಿ ಏದುಸಿರು ಬಿಡುತ್ತಿದ್ದರು. ಬಿಳಿ ಅಂಗಿ, ಕೈಯಲ್ಲಿ ಫೋನು. ಹೆಸರು ವಾಮನರಾಯರು, ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು, ಆ ಶಾಸ್ತ್ರಿಗಳ ಮಗ. ನೀರು ಕೊಟ್ಟರೆ ಕುಡಿಯಲಿಲ್ಲ. ಫೋನು ಮೇಜಿನ ಮೇಲೆ ಇಟ್ಟರು.

"ಇದನ್ನ ಹಾಕಿದವರು ನೀವೇನು?"

ವಾಟ್ಸಾಪಿನಲ್ಲಿ ತಿರುಗಾಡುತ್ತಿದ್ದ ಒಂದು ಚಿತ್ರ. 'ಪೂಜೆಯಿಂದ ಕೈ ನೋಯುವುದಲ್ಲದೆ ಬೇರೆ ಫಲವಿಲ್ಲ' ಎಂದು ದೊಡ್ಡದಾಗಿ ಬರೆದು, ಕೆಳಗೆ ಅವರ ತಂದೆಯ ಹೆಸರು, ಅದರ ಕೆಳಗೆ ನಮ್ಮ ಗ್ರಂಥಾಲಯದ ಹೆಸರು, ಪ್ರಕಾರ: ಉಪದೇಶ.

"ನಮ್ಮ ತಂದೀಯವರು ಜೀವಮಾನಾ ಪೂರ್ತಿ ಪೂಜಾ ಮಾಡಿದವರು, ಪೂಜಾ ಮಾಡ್ರಿ ಅಂತ ಊರೂರು ಅಡ್ಡಾಡಿ ಹೇಳಿದವರು. ಇದು ಅವರ ಮಾತಲ್ಲ. ಎದರಾಳಿ ಮಾತು. ಅದನ್ನ ಮೊದಲ ಪೂರ್ತಿ ಬರದು, ಆಮ್ಯಾಲೆ ಒಂದೊಂದಕ್ಕ ಉತ್ತರಾ ಕೊಟ್ಟಾರ. ಉತ್ತರಾ ಎಲ್ಲದ? ನಮ್ಮ ಬಿಲ್ಡಿಂಗಿನ ಜನಾ ನನಗ ಕೇಳ್ತಾರ, ರಾಯರ, ನಿಮ್ಮಪ್ಪ ಹಿಂಗ ಹೇಳಿದ್ರ ನೀವು ದಿನಾ ಗಂಟಿ ಯಾಕ ಬಾರಸ್ತೀರಿ ಅಂತ."

ಮೇಡಂ ಕನ್ನಡಕ ಏರಿಸಿ ಚಿತ್ರವನ್ನು ಓದಿದರು. ಹಳೆಯ ಕಾಲದ ಪಂಡಿತರ ಪದ್ಧತಿ ಅದು. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ತಾವೇ ಬರೆಯುವುದು, ಅದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಆಮೇಲೆ ಅದನ್ನು ಮುರಿಯುವುದು. ಮೇಡಂಗೆ ಇದು ಗೊತ್ತಿತ್ತು. ಓದಿದ್ದರೆ ಒಂದೇ ಪುಟಕ್ಕೆ ಹಿಡಿಯುತ್ತಿದ್ದರು.

"ತಪ್ಪು ನಮ್ಮದು ಸರ್. ಸಹಿ ನನ್ನದೇ" ಎಂದರು. ನನ್ನ ಕಡೆ ನೋಡಲೂ ಇಲ್ಲ.

ಅಜ್ಜ ಟ್ರಸ್ಟಿಗೆ ಪತ್ರ ಕೊಟ್ಟು ಹೋದರು. ಕಾರ್ಯದರ್ಶಿ ಶೆಟ್ಟರು ಗುರುವಾರ ಮೀಟಿಂಗ್ ಕರೆದರು. ಮೇಡಂ ಆದದ್ದನ್ನು ಬರೆದು ಕೊಡಬೇಕು, ಅದರ ಮೇಲೆ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿರ್ಧಾರ. ನಾನು ಮೇಡಂ ಬಳಿ ಹೋಗಿ, "ನಾ ಹೇಳ್ತೀನ್ರಿ, ನಂದ ತಪ್ಪು ಅಂತ" ಎಂದೆ.

"ಬಾಯಿ ಬಿಡಬೇಡಿ ಶಾಂತಮ್ಮ. ನಾನು ಓದದೆ ಸಹಿ ಹಾಕಿದೆ ಅಂದ್ರೆ ಒಂದು ತಪ್ಪು. ಶಾಸ್ತ್ರದ ಪುಸ್ತಕ ವಿಂಗಡಿಸೋಕೆ ಗುಡಿಸೋರನ್ನ ಕೂರಿಸಿದೆ ಅಂದ್ರೆ ನಾವು ಇಷ್ಟು ವರ್ಷ ಮಾಡಿದ ಅಷ್ಟೂ ಪುಸ್ತಕದ ಮೇಲೆ ಅನುಮಾನ ಬರುತ್ತೆ. ಗೊತ್ತಾಯ್ತಾ?"

ಗೊತ್ತಾಯಿತು. ನಾನು ಸುಮ್ಮನಿದ್ದರೆ ಮೇಡಂ ಕೆಲಸ ಹೋಗುತ್ತದೆ. ಮಾತಾಡಿದರೂ ಹೋಗುತ್ತದೆ, ಜೊತೆಗೆ ಹೆಸರೂ ಹೋಗುತ್ತದೆ. ಆ ದಿನ ಲೋಕಲ್‌ನಲ್ಲಿ ಸೀಟು ಸಿಕ್ಕಿದರೂ ಜೋಗೇಶ್ವರಿ ತನಕ ನಿಂತೇ ಬಂದೆ. ಕುಳಿತುಕೊಳ್ಳುವುದು ನೆನಪಾಗಲಿಲ್ಲ.

ಅಳುವುದರಿಂದ ಪುಸ್ತಕ ಸಿಗುವುದಿಲ್ಲ. ಮಂಗಳವಾರ ಆ ಪುಸ್ತಕ ತೆಗೆದು ಕೂತೆ. ಈ ಸಲ ಮುಂದಿನಿಂದ ಅಲ್ಲ, ಹಿಂದಿನಿಂದ ನೋಡಿದೆ. ಕೊನೆಯ ಪುಟ ತೊಂಬತ್ತಾರು. ಬೆನ್ನಿನಲ್ಲಿ ಹೊಲಿಗೆಯ ದಾರ ನಡುವೆ ತುಂಡಾಗಿತ್ತು. ತಾನಾಗಿ ಹರಿದ ದಾರ ಎಳೆಎಳೆಯಾಗಿರುತ್ತದೆ. ಇದು ನುಣುಪಾಗಿತ್ತು, ಬ್ಲೇಡಿನಿಂದ ಕೊಯ್ದದ್ದು.

ಆಗ ತಲೆಗೆ ಹೊಕ್ಕಿತು. ಈ ಪುಸ್ತಕವನ್ನು ದಿನಾಲೂ ಓದಿದವರು ಶಾಸ್ತ್ರಿಗಳ ಕಡೆಯವರಲ್ಲ, ಎದುರು ಕಡೆಯವರು. ತಮ್ಮ ವಾದವನ್ನು ತಮಗಿಂತ ಚೆಂದಾಗಿ ಶಾಸ್ತ್ರಿಗಳು ಬರೆದಿದ್ದಾರೆ ಎಂದು ಮೆಚ್ಚಿ, ಅಷ್ಟನ್ನು ಮಾತ್ರ ಇಟ್ಟುಕೊಂಡು, ಉತ್ತರದ ಅರ್ಧವನ್ನು ಕೊಯ್ದುಹಾಕಿದ್ದಾರೆ. ನಾನು ಕಲೆಯನ್ನು ತಪ್ಪು ಓದಿರಲಿಲ್ಲ. ಆ ಮನೆಯಲ್ಲಿ ಅದು ಉಪದೇಶವೇ ಆಗಿತ್ತು. ಕಲೆಯಲ್ಲಿ ಓದಿದವರ ಗುರುತು ಇರುತ್ತದೆ, ಬರೆದವರದು ಇರುವುದಿಲ್ಲ. ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ.

ಕೊಯ್ದ ಅರ್ಧ ಎಲ್ಲಿ? ಒಳಗೆ ಎಲ್ಲ ಕಡೆ ದೇವರ ಹೆಸರು. ಎಷ್ಟೇ ಎದುರಾಳಿ ಎಂದರೂ ಕಸಕ್ಕೆ ಹಾಕಲು ಕೈ ಬಂದಿರುವುದಿಲ್ಲ. ನೀರಿಗೆ ಬಿಡುವ ಗಂಟಿನಲ್ಲಿ ಕಟ್ಟಿರಬೇಕು. ಆ ಗಂಟು ಪುಸ್ತಕದ ಚೀಲದಲ್ಲಿಯೇ ಬಂದಿರಬೇಕು.

ನೀತಾಳನ್ನು ಕರೆದೆ. "ಗಣಪತಿ ಟೈಮಿಗೆ ಅಟ್ಟದ ಗಂಟು ಯಾರರೆ ಒಯ್ದ್ರೇನು ಈ ಸಲ?"

"ಟ್ರಸ್ಟ್‌ವಾಲೆ ಎರಡು ಮೂರು ಲೇಕೆ ಗಯೆ ಮೌಶಿ. ಎಲ್ಲಾ ಅಲ್ಲ."

ಯಾವ ಎರಡು ಮೂರು ಎಂದು ಅವಳಿಗೆ ಗೊತ್ತಿಲ್ಲ. ಸ್ಟೂಲ್ ಹಾಕಿ ಹತ್ತಿದೆ. ನೀತಾ ಕೆಳಗೆ ನಿಂತು ಸ್ಟೂಲ್ ಹಿಡಿದು, "ಮೌಶಿ, ಬಿದ್ರೆ ನನ್ನ ಮೇಲೇ ಬೀಳಿ, ಟೈಲ್ಸ್ ಮೇಲೆ ಬೇಡ" ಎಂದಳು. ಒಂದೊಂದು ಗಂಟೂ ಇಳಿಸಿದೆ. ಮೊದಲನೆಯದರಲ್ಲಿ ಪಂಚಾಂಗ. ಎರಡನೆಯದರಲ್ಲಿ ಮದುವೆ ಪತ್ರಿಕೆಗಳು. ಮೂರು, ನಾಲ್ಕು, ಐದು, ಬೇಕಾದದ್ದು ಇಲ್ಲ. ಗೋಡೆಗೆ ಒತ್ತಿಕೊಂಡು ಕೂತಿದ್ದ ಕೊನೆಯ ಗಂಟು, ಒಗೆದು ಬಣ್ಣ ಹೋದ ದಿಂಬಿನ ಚೀಲ. ಬಿಚ್ಚಿದರೆ ಹರಿದ ಕ್ಯಾಲೆಂಡರುಗಳ ನಡುವೆ ಒಂದು ಕಟ್ಟು. ಹಾಳೆ ಹೊಸದರ ಹಾಗೆ ಬೆಳ್ಳಗಿತ್ತು. ಅಂಚು ಸೀಳಿರಲಿಲ್ಲ. ಮೊದಲ ಪುಟ ತೊಂಬತ್ತೇಳು.

ಚೀಲ ಬಿಚ್ಚಿದ ದಿನ ಈ ಕಟ್ಟನ್ನು ಕೈಯಲ್ಲಿ ಹಿಡಿದದ್ದು ನೆನಪಾಯಿತು. ಯಾರೂ ಓದದ್ದು ಎಂದು ನಾನೇ ಅಟ್ಟಕ್ಕೆ ಎಸೆದಿದ್ದೆ.

ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಅವರು ತಾವೇ ಒಯ್ದು ಕೊಟ್ಟು, ನನ್ನನ್ನು ಬಚ್ಚಿಡುತ್ತಿದ್ದರು.

ಗುರುವಾರ ಮೀಟಿಂಗ್. ಮೇಜಿನ ಒಂದು ಕಡೆ ಶೆಟ್ಟರು, ಪಕ್ಕದಲ್ಲಿ ವಾಮನರಾಯರು, ಎದುರಿಗೆ ಮೇಡಂ. ಶೆಟ್ಟರು ಹೋಟೆಲ್ ನಡೆಸುವವರು, ಕೆಟ್ಟವರಲ್ಲ, ಆದರೆ ಬಿಸಿಬಿಸಿಯಾಗಿ ಮುಗಿಸುವ ಅಭ್ಯಾಸ.

"ಎಂತ ಕತೆ ಮೇಡಂ ಇದು? ಇಷ್ಟು ಓದಿದ ಜನ ನೀವು. ಓದದೆ ಹಾಕಿದ್ದಾ, ಓದಿಯೂ ಹಾಕಿದ್ದಾ?"

"ಓದದೆ, ಸರ್."

"ಹಾಗಾದರೆ ನಾನು ಎಂತ ಮಾಡಬೇಕು, ನೀವೇ ಹೇಳಿ."

ಚಹಾ ತರುವುದು ನನ್ನ ಕೆಲಸ. ನಾನು ಚಹಾ ತರಲಿಲ್ಲ. ಎರಡು ಅರ್ಧಗಳನ್ನೂ ಟ್ರೇಯಲ್ಲಿ ಇಟ್ಟುಕೊಂಡು ಹೋದೆ.

"ವಿಂಗಡಿಸಿದಾಕಿ ನಾನು ರೀ. ತಪ್ಪು ನಂದು."

ಮೇಡಂ ಕಣ್ಣು ಮುಚ್ಚಿಕೊಂಡರು.

"ನೀವಾ?" ಶೆಟ್ಟರು ನಕ್ಕರು. "ಶಾಂತಕ್ಕ, ನೀವು ಗುಡಿಸುವವರಲ್ವಾ ಮಾರಾಯ್ತಿ? ಪಾಪ, ಮೇಡಂ ಮೇಲೆ ಪ್ರೀತಿ. ಹೋಗಿ, ಚಹಾ ತನ್ನಿ."

ಅದು ಅವಮಾನ ಎಂದು ನನಗೆ ಅನ್ನಿಸಲಿಲ್ಲ. ನನ್ನನ್ನು ನಂಬದಿದ್ದರೆ ಮೇಡಂ ಉಳಿಯುತ್ತಾರೇನೋ ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಮೇಡಂ ಎದ್ದು ನಿಂತರು.

"ಅವರು ಹೇಳ್ತಿರೋದು ನಿಜ ಸರ್. ಇಲ್ಲಿರೋ ಪುಸ್ತಕಗಳನ್ನ ಮೊದಲು ನೋಡಿ ಪ್ರಕಾರ ಹೇಳೋದು ಇವರೇ. ನಾನು ಓದಿ ಸಹಿ ಹಾಕ್ತೀನಿ. ಇದೊಂದನ್ನ ಓದಲಿಲ್ಲ. ಇವರ ಕಣ್ಣಿಗೆ ಕಾಣೋದು ನನ್ನ ಡಿಗ್ರಿಗೆ ಕಾಣಲ್ಲ. ಇದಕ್ಕೆ ನನ್ನನ್ನ ತೆಗೀತೀರಾದ್ರೆ ತೆಗೀರಿ. ಇವರನ್ನ ಮಾತ್ರ ಆ ಕುರ್ಚಿಯಿಂದ ಏಳಿಸಬೇಡಿ."

ನಾನು ಕೆಲಸ ಮಾಡಿದ ಕಡೆಗಳಲ್ಲಿ ಮುಕಾದಮರು, ಸೂಪರ್‌ವೈಸರುಗಳು, ಸಾಹೇಬರು ಬಹಳ ಜನರನ್ನು ಕಂಡಿದ್ದೇನೆ. ತಪ್ಪು ಕೆಳಗೆ ಇಳಿಯುತ್ತದೆ, ಹೊಗಳಿಕೆ ಮೇಲೆ ಏರುತ್ತದೆ. ಅದನ್ನು ತಿರುಗಾಮುರುಗಾ ಮಾಡಿದ ಒಬ್ಬರನ್ನೇ ನಾನು ಕಂಡದ್ದು. ಹೊಸ ಹುಡುಗಿಯರೇ, ನೀವು ಮಾತಾಡಿಕೊಳ್ಳುತ್ತಿರುವುದು ಇವರ ಬಗ್ಗೆ.

ವಾಮನರಾಯರಿಗೆ ಈ ಜಗಳದ ಮೇಲೆ ಗಮನವೇ ಇರಲಿಲ್ಲ. ಅವರು ಟ್ರೇ ನೋಡುತ್ತಿದ್ದರು. "ಅದು... ತೊಂಬತ್ತೇಳು ಅಂತ ಬರದದ ಏನು?"

"ಹೌದ್ರಿ."

ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಕಣ್ಣಿಗೆ ಪೊರೆ ಬಂದಿತ್ತು. "ಓದ ತಾಯಿ" ಎಂದು ನನಗೇ ಕೊಟ್ಟರು. ಮೇಡಂಗೆ ಕೊಡಬೇಕಿತ್ತು, ಆದರೆ ಕೊಟ್ಟದ್ದು ನನಗೆ. ನಾನು ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತ ಪುಟದ ಕೊನೆಯ ಸಾಲುಗಳಿಗೆ ಬಂದೆ.

"ಕೈ ನೋಯುವುದಲ್ಲದೆ ಫಲವಿಲ್ಲ ಎನ್ನುವೆಯಾ. ಕೈ ನೋಯಲಿ. ಮಗುವನ್ನು ಎತ್ತಿಕೊಂಡ..."

ಅಲ್ಲಿ ಪುಟ ಮುಗಿದಿತ್ತು. ಮುಂದಿನ ಪುಟ ಮಡಿಕೆಯ ಒಳಗೆ. ಸೀಳಬೇಕು. ನಾನು ಮೇಡಂ ಕಡೆ ನೋಡಿದೆ, ಅವರು ಸ್ಟೀಲ್ ಸ್ಕೇಲು ಹುಡುಕತೊಡಗಿದರು.

"ಎತ್ತಿಕೊಂಡ ತಾಯಿಯ ಕೈಯೂ ನೋಯುತ್ತದೆ, ಅದಕ್ಕಾಗಿ ಯಾವ ತಾಯಿ ಮಗುವನ್ನು ಮನಸ್ಸಿನಲ್ಲಿ ಮಾತ್ರ ಎತ್ತಿಕೊಂಡಾಳು" ಎಂದರು ವಾಮನರಾಯರು. ಪುಸ್ತಕ ನೋಡದೇ. "ಪ್ರೂಫ್ ತಿದ್ದೂಮುಂದ ಗಟ್ಟಿಯಾಗಿ ಓದ್ತಿದ್ರು. ನಾ ಆಗ ಸಣ್ಣಾವ. ನಮ್ಮ ಮನ್ಯಾಗಿದ್ದ ಪ್ರತಿ ಯಾರೋ ಓದಲಿಕ್ಕೆ ಒಯ್ದವರು ತಿರುಗಿ ಕೊಡಲೇ ಇಲ್ಲ."

ಮೇಡಂ ಸೀಳಿದರು. ಅಕ್ಷರ ಅಕ್ಷರ ಹಾಗೆಯೇ ಇತ್ತು.

ಶೆಟ್ಟರು ಮೊದಲ ಅರ್ಧವನ್ನು ಎತ್ತಿ, "ಇದಕ್ಕೆ ಎಂತ ಕೆಂಪು ಕೆಂಪು?" ಎಂದರು.

"ಕುಂಕುಮ ರೀ. ಇದನ್ನ ಇಟಗೊಂಡಾವರು ಉತ್ತರಾ ಕೊಯ್ದು ಒಗದು, ಇದಷ್ಟನ್ನ ದಿನಾ ಓದ್ಯಾರ."

ವಾಮನರಾಯರು ಆ ಪುಟವನ್ನು ಬೆರಳಿನಿಂದ ಸವರಿದರು. ಮೂಗಿಗೆ ಹಿಡಿದರು. "ಗಂಧಾನೂ ಅದ."

"ಅದ ರೀ. ಅರಿಷಿಣಾನೂ ಅದ."

"ಅಂದ್ರ, ಪೂಜಾ ಬ್ಯಾಡಾ ಅನ್ನೋ ಪುಸ್ತಕಕ್ಕ ದಿನಾ ಪೂಜಾ ಮಾಡ್ಯಾರ?"

"ಮಾಡ್ಯಾರ್ರಿ."

ಅಜ್ಜ ನಗತೊಡಗಿದರು. ಕೆಮ್ಮು ಬಂತು, ನೀರು ಕೊಟ್ಟೆ, ಈ ಸಲ ಕುಡಿದರು, ಮತ್ತೆ ನಕ್ಕರು. "ಉತ್ತರಾ ಓದದನ ಸೋತಾರ. ನಮ್ಮಪ್ಪ ಗೆದ್ದಾ! ಶೆಟ್ಟರ, ಇದನ್ನೂ ಫೋಟೋ ಹಾಕ್ರಿ, ಕುಂಕುಮ ಕಾಣೂ ಹಂಗ."

ಕೊಟ್ಟ ಪತ್ರವನ್ನು ಅವರು ವಾಪಸ್ ತೆಗೆದುಕೊಂಡರು. ಆದರೆ ತಪ್ಪು ತಪ್ಪೇ. ಮೇಡಂ ಬರೆದುಕೊಟ್ಟ ಕಾಗದ ಫೈಲಿಗೆ ಹೋಯಿತು, ಅದಕ್ಕೊಂದು ಎಚ್ಚರಿಕೆಯ ಪತ್ರವೂ ಸೇರಿತು. ಕೆಲಸ ಉಳಿಯಿತು. ಆ ಕಾಗದದಲ್ಲಿ ಅವರು ನನ್ನ ಹೆಸರು ಬರೆದಿರಲಿಲ್ಲ. ಮೀಟಿಂಗ್‌ಗೆ ಮೊದಲೇ ಬರೆದದ್ದು ಅದು. ಹೊಸ ಹುಡುಗಿಯರು ಓದಿದ್ದು ಅದನ್ನೇ. ಮೀಟಿಂಗ್‌ನಲ್ಲಿ ಆದದ್ದು ಯಾವ ಫೈಲಿನಲ್ಲೂ ಇಲ್ಲ, ಈಗ ಇಲ್ಲಿ ಇದೆ.

ಎರಡು ಅರ್ಧಗಳನ್ನೂ ಸೇರಿಸಿ ವಾದದ ಡಬ್ಬಿಗೆ ಹಾಕಿದೆವು. ಮೇಡಂ ಕಂಪ್ಯೂಟರಿನಲ್ಲಿ ಹೊಸದೊಂದು ಮನೆ ಮಾಡಿಸಿದರು. ಮೊದಲು 'ಪ್ರಕಾರ' ಒಂದೇ ಇತ್ತು. ಈಗ ಅದರ ಕೆಳಗೆ 'ಬಳಸಿದ ಬಗೆ' ಎಂದು ಇನ್ನೊಂದು. ಬರೆದವರು ಏನೆಂದು ಬರೆದರು ಎನ್ನುವುದು ಮೇಲೆ, ಓದಿದವರು ಏನು ಮಾಡಿಕೊಂಡರು ಎನ್ನುವುದು ಕೆಳಗೆ. ಎರಡನ್ನೂ ತುಂಬಿ. ಕೆಳಗಿನದು ಖಾಲಿ ಬಿಡುವ ಚಾಳಿ ಈಗ ಶುರುವಾಗಿದೆ ಎಂದು ಕೇಳಿದೆ. ಬೇಡ.

ಆ ಗುರುವಾರ ಮೀಟಿಂಗ್ ಮುಗಿಸಿ ಹೊರಡುವಾಗ ಶೆಟ್ಟರು ನನ್ನತ್ತ ತಿರುಗಿ, "ಶಾಂತಕ್ಕ, ಇನ್ನು ಮುಂದೆ ವಿಂಗಡಿಸಿದವರು ಯಾರೋ ಅವರದೇ ಹೆಸರು ಬರೆಯಬೇಕು. ಮೇಡಂ ಪಕ್ಕದಲ್ಲಿ ಸಹಿ ಹಾಕಲಿ. ತಪ್ಪಾದರೆ ನಿಮ್ಮನ್ನೇ ಕೇಳ್ತೇನೆ, ಹಾಂ" ಎಂದರು. ನನ್ನ ಹುದ್ದೆ ಹೆಲ್ಪರ್ ಎಂದೇ ಉಳಿಯಿತು, ನಿವೃತ್ತಿಯವರೆಗೂ. ನಾನು ಕೇಳಲೂ ಇಲ್ಲ.

ಮರುದಿನ ಬೆಳಗ್ಗೆ ದಿನದ ಲೋಕಲ್‌ಗೇ ಹೋದೆ. ಮೇಡಂ ಇನ್ನೂ ಬಂದಿರಲಿಲ್ಲ. ನೆಲ ಗುಡಿಸಿದೆ. ಕೈ ತೊಳೆದು ಒರೆಸಿಕೊಂಡೆ. ಅಟ್ಟದಿಂದ ಇಳಿಸಿದ್ದ ಗಂಟುಗಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ಕೈಗೆ ಸಿಕ್ಕ ಒಂದನ್ನು ಬಿಚ್ಚಿ, ಅಂಚು ಸೀಳದ ಒಂದು ಹರಕು ಪುಸ್ತಕ ತೆಗೆದು, ಅದನ್ನು ಮಗುಚಿ ಕೊನೆಯ ಪುಟ ನೋಡಿದೆ. ರಿಜಿಸ್ಟರ್ ತೆರೆದೆ. ಮೇಡಂಗೆ ನಾನು ಶಾಂತಮ್ಮ, ಶೆಟ್ಟರಿಗೆ ಶಾಂತಕ್ಕ, ನೀತಾಳಿಗೆ ಮೌಶಿ. 'ವಿಂಗಡಿಸಿದವರು' ಎಂಬ ಕಾಲಮಿನಲ್ಲಿ ನನ್ನವ್ವ ಇಟ್ಟ ಹೆಸರು ಬರೆದೆ, ಶಾಂತವ್ವ. ಆಮೇಲೆ ಸ್ಕೇಲು ತೆಗೆದುಕೊಂಡು ಮೊದಲ ಮಡಿಕೆ ಸೀಳಿದೆ.